ವಿಭೂತಿ ಬಿದ್ದ ಮೀನುಗಳು

ಕಡೂರಿನ ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆದುಕೊಂಡು ಬಾ ಅನ್ನುತ್ತಿದ್ದರು. ಅಂಥ ಮನೆಗೆ ಎಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ನಾನು ನಾಲ್ಕು ಜಾಡಿ ಮೀನು ತಂದೆ. ತಿನ್ನಲಿಕ್ಕಲ್ಲ, ಅಳೆಯಲಿಕ್ಕೆ. ಸಮುದ್ರದ ಹವಳದ ದಿಬ್ಬಗಳಲ್ಲಿ ಬದುಕುವ ಬೆರಳುದ್ದದ ಮೀನುಗಳು, ಕೆಡದಂತೆ ಔಷಧದ ನೀರಿನಲ್ಲಿ ಹಾಕಿಟ್ಟಿದ್ದೆ. ನನ್ನ ಎಂ.ಎಸ್ಸಿ. ಪ್ರಬಂಧವೆಲ್ಲ ಆ ಜಾಡಿಗಳಲ್ಲೇ ಇತ್ತು. ಅವು ಹೋದರೆ ಓದೂ ಹೋದ ಹಾಗೆ. ಹಿತ್ತಲ ಕೋಣೆಯಲ್ಲಿ ಕೂತು ಒಂದೊಂದರ ಉದ್ದ ಅಳೆದು, ಕಾಲೇಜಿನಿಂದ ತಂದ ಪುಟ್ಟ ತಕ್ಕಡಿಯಲ್ಲಿ ತೂಗುತ್ತಿದ್ದೆ.

ಅಪ್ಪನದು ಕೊಬ್ಬರಿ ವ್ಯಾಪಾರ. "ಉದ್ದ ಎರಡರಷ್ಟಾದ್ರೆ ತೂಕಾನೂ ಎರಡರಷ್ಟು. ಇದಕ್ಕೂ ಓದ್ಬೇಕೇನೇ?" ಅಂದರು.

"ಎರಡಲ್ಲ, ಮೈಮಾಟ ಅದೇ ಇದ್ರೆ ಎಂಟರಷ್ಟು. ಉದ್ದದ ಜೊತೆ ಅಗಲ, ದಪ್ಪ ಎಲ್ಲ ಬೆಳೀತವೆ" ಅಂದೆ. ಎದುರು ಮಾತಾಡಿದ್ದು ಅವರಿಗೆ ಸೇರಲಿಲ್ಲ. ಸೇರಲಿ ಅಂತ ನಾನು ಹೇಳಿಯೂ ಇರಲಿಲ್ಲ.

ಅಷ್ಟರಲ್ಲಿ ಸಖರಾಯಪಟ್ಟಣದವರು ನನ್ನನ್ನು ನೋಡಲು ಬರುವುದೆಂದಾಯಿತು. "ನಾಳೆ ಅವ್ರು ಬರೋದ್ರೊಳಗೆ ಈ ಹೊಲಸು ತಿಪ್ಪೆ ಸೇರ್ಬೇಕು" ಅಂದರು ಅಪ್ಪ.

"ಮೀನು ತಿಪ್ಪೆಗೆ ಹೋದ್ರೆ ನಾನು ಅವರ ಮುಂದೆ ಬಂದು ಕೂರಲ್ಲ" ಅಂದೆ.

ಬೆಳಿಗ್ಗೆ ಜಾಡಿ ಎತ್ತಲು ಹೋದ ಅಪ್ಪ ಹಾಗೇ ನಿಂತುಬಿಟ್ಟರು. ನಾಲ್ಕರಲ್ಲೂ ನೀರು ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಮುಚ್ಚಳಗಳ ಮೇಲೆ ಮೂರು ಮೂರು ಗೆರೆ ವಿಭೂತಿ. ಅಪ್ಪನ ಅವ್ವ, ನಮ್ಮಜ್ಜಿ, ಬಾಗಿಲಲ್ಲಿ ಕೂತಿದ್ದಳು. "ಸತ್ತ ಜೀವ ಕಣೋ. ನಮ್ಮನೇಲಿ ವಿಭೂತಿ ಇಲ್ದೆ ಯಾರನ್ನ ಕಳ್ಸಿದೀವಿ?"

ವಿಭೂತಿ ಬಿದ್ದದ್ದನ್ನು ತಿಪ್ಪೆಗೆ ಎಸೆಯುವ ಧೈರ್ಯ ಅಪ್ಪನಿಗಿರಲಿಲ್ಲ. ಗೊಣಗುತ್ತಾ ಪಡಸಾಲೆಗೆ ಹೋದರು.

ನನಗೆ ಮೈಯೆಲ್ಲ ಉರಿಯಿತು. ಕಿವಿರಿನೊಳಗೆಲ್ಲ ಬೂದಿ, ಈಗ ತೂಗಿದರೆ ಅದರ ತೂಕವೂ ಸೇರುತ್ತದೆ. "ಏನಜ್ಜಿ ಮಾಡ್ದೆ! ಎಲ್ಲ ತೊಳೆದು ಮತ್ತೆ ತೂಗ್ಬೇಕಲ್ಲ" ಎಂದು ಕೂಗಾಡಿದೆ.

"ತೊಳಿ. ತಿಪ್ಪೆ ಸೇರಿದ್ರೆ ಏನ್ ತೊಳೀತಿದ್ದೆ?" ಅಂದಳು.

ಕೂತು ಮೊದಲ ಜಾಡಿಯವನ್ನು ತೊಳೆದೆ. ಮಧ್ಯಾಹ್ನ ಸಖರಾಯಪಟ್ಟಣದವರು ಬಂದಾಗ ಕೈಯಿನ್ನೂ ಔಷಧದ ವಾಸನೆ ಹೊಡೆಯುತ್ತಿತ್ತು. ಹಾಗೇ ಹೋಗಿ ಕೂತೆ. ಏನಮ್ಮಾ ಓದ್ತಿರೋದು ಅಂದರು. "ಮೀನು" ಅಂದೆ. ಅಪ್ಪ ತಲೆ ತಗ್ಗಿಸಿದರು.

ಒಳಗಿನಿಂದ ಅಜ್ಜಿಯ ದನಿ ಬಂತು: "ಇನ್ನೂ ಮೂರು ಜಾಡಿ ಬಾಕಿ ಐತೆ. ಬೇಗ ಬಿಡ್ರಪ್ಪಾ ಹುಡ್ಗೀನ."