ರೊಟ್ಟಿ ತಟ್ಟುವ ಸದ್ದು

ಜಿಗಣಿಯ ಆ ಶೀಟಿನ ಮನೆಯಲ್ಲಿ ನನಗೆ ಬೆಳಗಾಗುತ್ತಿದ್ದದ್ದು ಕಿವಿಯಿಂದ. ಟಪ್, ಟಪ್ ಎನ್ನುವ ಸದ್ದು ನೆಲದಿಂದ ಹತ್ತಿ ಕೌದಿಯೊಳಗೆ ಬರುತ್ತಿತ್ತು. ಅವ್ವ ಜೋಳದ ರೊಟ್ಟಿ ತಟ್ಟುತ್ತಿದ್ದಾಳೆ ಅಂದರೆ ಇನ್ನೂ ಕತ್ತಲಿದೆ, ಇನ್ನಷ್ಟು ಮಲಗಬಹುದು. ಆ ಸದ್ದಿನಲ್ಲೇ ರಾಯಚೂರು ಕಡೆಯ ನಮ್ಮೂರು ಕನಸಾಗಿ ಬರುತ್ತಿತ್ತು. ಅಲ್ಲಿಯೂ ಯಾರೋ ರೊಟ್ಟಿ ತಟ್ಟುತ್ತಿರುತ್ತಿದ್ದರು.

ಪಕ್ಕದ ತಾರಸಿ ಮನೆಯ ಓನರ್ ಅಕ್ಕನಿಗೆ ಮಾತ್ರ ಅದು ತಲೆನೋವು.

"ಬೆಳಗಾಗೆದ್ದು ಏನಮ್ಮ ಇದು? ನಮ್ಮನೆಯವ್ರು ಸೆಕೆಂಡ್ ಶಿಫ್ಟ್ ಮುಗ್ಸಿ ಬಂದು ಮಲಗಿರ್ತಾರೆ. ಇಂಗೇ ಬಡೀತಿದ್ರೆ ರೂಮ್ ಖಾಲಿ ಮಾಡ್ಬಿಡಿ."

"ತಟ್ಟಲಿಲ್ಲಂದ್ರ ರೊಟ್ಟಿ ಆಗಂಗಿಲ್ರೀ ಅಕ್ಕಾ," ಎಂದಳು ಅವ್ವ. ಆದರೂ ಮರುದಿನ ಅನ್ನಕ್ಕಿಟ್ಟಳು. ಬೇರೆ ಮನೆ ಎಲ್ಲಿ ಹುಡುಕುವುದು? ನನಗಂತೂ ಓನರ್ ಅಕ್ಕನ ಮೇಲೆ ಕೆಟ್ಟ ಸಿಟ್ಟು ಬಂತು.

ಅವತ್ತು ನಾನು ಕಣ್ಣು ಬಿಟ್ಟಾಗ ಶೀಟಿನ ಸಂದಿಯಿಂದ ಬಿಸಿಲು ಇಳಿದಿತ್ತು. ಹೊರಗೆ ಗದ್ದಲ. ಬೆಳಗಿನ ಜಾವ ಸ್ವಲ್ಪ ಹೊತ್ತು ಬರುವ ನಲ್ಲಿ ನೀರು ಬಂದು ಹೋಗಿತ್ತು. ಅವ್ವ ನಮ್ಮ ಕೊಡ ತುಂಬಿಸಿಕೊಂಡು, ಯಾರ ಬಾಗಿಲು ತಟ್ಟಲೂ ಹೆದರಿ ಒಳಗೆ ಬಂದಿದ್ದಳು. ಸಾಲುಮನೆಯ ಹೆಂಗಸರೆಲ್ಲ ತಡವಾಗಿ ಎದ್ದು, ಖಾಲಿ ಕೊಡ ಹಿಡಿದು ನಿಂತಿದ್ದರು. ಗಾರ್ಮೆಂಟ್ಸ್ ಗಾಡಿಯೂ ಹೊರಟುಹೋಗಿತ್ತು, ಅವರ ಅವತ್ತಿನ ಕೂಲಿಯೂ ಹೋಯಿತು. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗು ಅಂದುಕೊಂಡ ಮುದುಕಿಯ ಕಥೆಗೆ ಎಲ್ಲರೂ ನಗುತ್ತಾರೆ. ನಮ್ಮಲ್ಲಿ ಅದು ನಿಜವೇ ಆಗಿತ್ತು, ಪಾಪ, ಕೋಳಿಗೂ ಗೊತ್ತಿರಲಿಲ್ಲ.

ಓನರ್ ಅಕ್ಕನ ಸಂಪೂ ಒಣಗಿತ್ತು. ಬಿಂದಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ನಿನ್ ಸದ್ದಿಗೇ ಎದ್ದು ಮೋಟರ್ ಹಾಕ್ತಿದ್ದೆ ಕಣಮ್ಮ, ನಂಗೇ ತಿಳೀಲಿಲ್ಲ. ನಾಳೆಯಿಂದ ತಟ್ಟು."

ಅವ್ವ ನಮ್ಮ ಕೊಡದಿಂದ ಅವರ ಬಿಂದಿಗೆಗೆ ನೀರು ಬಗ್ಗಿಸಿದಳು. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಮೊನ್ನೆ ಸಂಜೆ, ಅವ್ವನ ನೋಯುವ ಮಣಿಕಟ್ಟಿಗೆ ಎಣ್ಣೆ ತಿಕ್ಕುತ್ತಾ ಕೇಳಿದೆ. "ಎಲ್ಲಾರ್ನೂ ನೀ ಎಬ್ಬಸ್ತಿದ್ದಿ. ನಿನ್ನ ಯಾರು ಎಬ್ಬಸ್ತಿದ್ರು?"

"ನಿದ್ದಿ ಹತ್ತಿದ್ರಲ್ಲ ಎಬ್ಬಸೋದು," ಎಂದು ನಕ್ಕಳು. "ನೀರು ತಪ್ಪಿದ್ರ, ಕೆಲಸ ತಪ್ಪಿದ್ರ ಹೆಂಗಂತ ಎದಿ ಡವಡವ ಅಂತಿತ್ತು."

ಮರುದಿನ ಕತ್ತಲಿರುವಾಗಲೇ ಎದ್ದು ರೊಟ್ಟಿ ನಾನು ತಟ್ಟಿದೆ. ಅವ್ವ ಕೌದಿಯೊಳಗೆ ಮಗ್ಗುಲು ಬದಲಿಸಿ, ಬಿಸಿಲು ಬರುವ ತನಕ ಮಲಗಿದ್ದಳು.