ಪಾಕೀಟಿನ ಮೇಲಿನ ಹೆಸರು

ತನ್ನ ಹೆಸರಿನ ಖಡಕ್ ರೊಟ್ಟಿ ತಿನ್ನದವರು ಪುಣೆಯಲ್ಲೇ ಇಲ್ಲ ಎಂದು ನನ್ನ ಅಣ್ಣ ಈರಬಸಪ್ಪ ಹೇಳಿಕೊಂಡು ತಿರುಗುತ್ತಿದ್ದ. ಸುಳ್ಳು. ಧನಕವಡಿಯಿಂದ ಕಾತ್ರಜದವರೆಗೆ ತಿಂದಿದ್ದಾರೆ, ಅಷ್ಟೇ. ಇನ್ನೂ ದೊಡ್ಡ ಸುಳ್ಳೆಂದರೆ ಆ ರೊಟ್ಟಿ ಅವನದು ಎನ್ನುವುದು. ಜೀವಮಾನದಲ್ಲಿ ಅವನು ಒಂದು ರೊಟ್ಟಿ ಬಡಿದವನಲ್ಲ. ಬಡಿದವಳು ಅವನ ಹೆಂಡತಿ, ನನ್ನ ವೈನಿ ಚನ್ನಬಸವ್ವ.

ಇಪ್ಪತ್ತು ವರ್ಷದ ಹಿಂದೆ ನಮ್ಮ ಕನ್ನಡದ ಕಡೆಯಿಂದ ಪುಣೆಯ ಕಾಲೇಜಿಗೆ ಬಂದ ಹುಡುಗರು, ಮೆಸ್ಸಿನ ಚಪಾತಿ ತಿಂದು ತಿಂದು ಸೊರಗಿ, "ಅಕ್ಕಾರ, ಎರಡು ರೊಟ್ಟಿ ಕೊಡ್ರಿ" ಎಂದು ಬಾಗಿಲಿಗೆ ಬರುತ್ತಿದ್ದರು. ಎರಡು ಇಪ್ಪತ್ತಾಯಿತು, ಇಪ್ಪತ್ತು ಎಂಟುನೂರಾಯಿತು. ಲೈಸೆನ್ಸಿನ ಕಾಗದದಲ್ಲಿ 'ಬ್ರ್ಯಾಂಡಿನ ಹೆಸರು' ಎಂಬ ಖಾನೆ ಇತ್ತು. ಕಾಗದ ತುಂಬಿದವನು ಅಣ್ಣ. ಆಫೀಸಿನಲ್ಲಿ ಕ್ಲಾರ್ಕ್ ಆಗಿದ್ದವನು, ಖಾಲಿ ಖಾನೆ ಕಂಡರೆ ಅವನಿಗೆ ತಡೆಯಲಾಗದು. ಹೀಗೆ 'ಈರಬಸಪ್ಪ ಖಡಕ್ ರೊಟ್ಟಿ' ಹುಟ್ಟಿತು.

ತಮಾಷೆ ಏನೆಂದರೆ, ಆ ಹೆಸರನ್ನು ವೈನಿ ಇವತ್ತಿಗೂ ಬರಿಮಾತಿನಲ್ಲಿ ಹೇಳುವವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಮ್ಮಿಯಾಗುತ್ತದೆ ಎಂದು ತವರಿನಲ್ಲಿ ಕಲಿತು ಬಂದಿದ್ದಳು. ಪುಣೆಗೆ ಬಂದು ಮರಾಠಿ ಕಲಿತಳು, ಸ್ಕೂಟರ್ ಕಲಿತಳು, ಜಿಎಸ್‌ಟಿ ಕೂಡ ಕಲಿತಳು. ಇದೊಂದನ್ನು ಬಿಡಲಿಲ್ಲ. ಕೊರಿಯರ್‌ನವನು ಕಂಪನಿಯ ಹೆಸರು ಕೇಳಿದರೆ ಪಾಕೀಟನ್ನೇ ಅವನ ಮೂಗಿನ ಮುಂದೆ ಹಿಡಿಯುತ್ತಾಳೆ. ಫೋನಿನಲ್ಲಾದರೆ, "ನಾವ್ರಿ, ರೊಟ್ಟಿಯವ್ರು."

ಹೋದ ವರ್ಷ ಅಣ್ಣನ ಮಗಳು ಶಿವಾನಿ ಒಂದು ಹೊಸ ಸುದ್ದಿ ತಂದಳು. ವಾಕಡದಲ್ಲಿ ಜಾಹೀರಾತಿನ ಕಂಪನಿಯಲ್ಲಿ ಕೆಲಸ ಅವಳಿಗೆ.

"ಅತ್ತಿ, ಈಗ ಮಂದಿ ಬರೇ ರೊಟ್ಟಿ ನೋಡಿ ತಗೊಳ್ಳೂದಿಲ್ಲ, ಮುಖಾ ನೋಡಿ ತಗೋತಾರ. ನಮ್ಮ ಬ್ರ್ಯಾಂಡಿಗೆ ಒಂದು ವಿಡಿಯೋ ಪಾಡ್‌ಕಾಸ್ಟ್ ಬೇಕು."

ನನಗೆ ಆ ಪಾಡ್‌ಕಾಸ್ಟ್ ಎಂದರೆ ಮೈ ಉರಿಯುತ್ತದೆ. ಇಬ್ಬರು ಕುರ್ಚಿಯಲ್ಲಿ ಕಾಲುಚಾಚಿ ಕೂತು, ಮೂತಿಗೆ ಮೈಕು ಹಚ್ಚಿಕೊಂಡು, ಎರಡು ತಾಸು ಹರಟೆ ಹೊಡೆಯುವುದು. ಅದಕ್ಕೆ ನಮ್ಮೂರಲ್ಲಿ ಕಟ್ಟೆ ಇತ್ತು, ಕರೆಂಟ್ ಖರ್ಚಿರಲಿಲ್ಲ. ಆದರೆ ಆ ಮಾತು ಕೇಳಿ ವೈನಿಯ ಮುಖ ಅರಳಿದ್ದನ್ನು ನಾನು ನೋಡಿದೆ. ಎರಡು ದಿನ ಬಿಟ್ಟು ಹೋದರೆ, ಕನ್ನಡಿಯ ಮುಂದೆ ಹೊಸ ಇಳಕಲ್ ಸೀರೆ ಹೆಗಲಿಗೆ ಹಿಡಿದು "ನಮಸ್ಕಾರ್ರೀ" ಎಂದು ಮೆಲ್ಲಗೆ ತಾಲೀಮು ಮಾಡುತ್ತಿದ್ದಳು. ನನ್ನನ್ನು ಕಂಡು ಸೀರೆ ಮಡಚಿಟ್ಟಳು. ಹಿಟ್ಟಿನ ಹಿಂದೆ ಇಪ್ಪತ್ತು ವರ್ಷ ಮರೆಯಾಗಿದ್ದವಳಿಗೆ ಒಮ್ಮೆ ಎದುರಿಗೆ ಬರುವ ಆಸೆ ಇತ್ತು.

ಯಾವ ನಮೂನೆ ಆರಿಸುವುದು ಎಂಬುದೇ ತಲೆನೋವಾಯಿತು. ಒಬ್ಬರೇ ಕ್ಯಾಮೆರಾಕ್ಕೆ ಮಾತಾಡುವುದೋ, ಅತಿಥಿಯನ್ನು ಕರೆದು ಪ್ರಶ್ನೆ ಕೇಳುವುದೋ, ಇಬ್ಬರು ಕೂತು ಹರಟುವುದೋ? ವಾಕಡದ ಒಂದು ಸ್ಟುಡಿಯೋವನ್ನು ಶಿವಾನಿ ಒಂದು ದಿನಕ್ಕೆ ಹಿಡಿದಳು. ಎಲ್ಲವನ್ನೂ ಮಾಡಿ ನೋಡಿ, ಸಂಜೆಯೊಳಗೆ ಒಂದನ್ನು ಗಟ್ಟಿ ಮಾಡುವುದು ಎಂದಾಯಿತು. ಯಾವುದಕ್ಕೂ ಇರಲಿ ಎಂದು ಒಬ್ಬ ನಿರೂಪಕಿಯನ್ನೂ ಕರೆಸಿದ್ದಳು. ಆ ಹುಡುಗಿ ಪಕ್ಕದ ಕೋಣೆಯಲ್ಲಿ ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಮನೆಯವರಿಂದ ಆಗದಿದ್ದರೆ ಆಕೆಯೇ ನಮ್ಮ ರೊಟ್ಟಿಯ ಮುಖ. ಹಿತ್ತಲ ಗಿಡ ಮದ್ದಲ್ಲ, ಇನ್ನೇನು!

ಮೊದಲು ಅಣ್ಣ ಒಬ್ಬನೇ ಕೂತ. ನಲವತ್ತು ನಿಮಿಷ ಮಾತಾಡಿದ. ಜೋಳದ ಸತ್ವದ ಬಗ್ಗೆ ಮೂರು ನಿಮಿಷ, ತನ್ನ ಪ್ರಮೋಶನ್ ತಪ್ಪಿಸಿದ ಸಾಹೇಬನ ಬಗ್ಗೆ ಮೂವತ್ತೇಳು ನಿಮಿಷ.

"ಅಪ್ಪಾ, ಇದು ರೊಟ್ಟಿದಲ್ಲ, ನಿಮ್ಮ ಆಫೀಸಿಂದು," ಎಂದಳು ಶಿವಾನಿ.

"ಲೈಟ್ ಕಣ್ಣಿಗಿ ಹೊಡದ್ವವಾ, ಅದಕ್ಕ ದಾರಿ ತಪ್ಪಿತು."

ಕುಣಿಯಲಾರದವಳಿಗೆ ನೆಲ ಡೊಂಕಂತೆ.

ಆಮೇಲೆ ವೈನಿಯ ಸರದಿ. ಎದುರು ಕುರ್ಚಿಯಲ್ಲಿ ಅತಿಥಿಯಾಗಿ ಮಂಜರಿ. ಭೋರ್ ಕಡೆಯ ಮರಾಠಿ ಹೆಂಗಸು, ಹನ್ನೆರಡು ವರ್ಷದಿಂದ ನಮ್ಮಲ್ಲಿ ರೊಟ್ಟಿ ಪಾಕೀಟು ಮಾಡುವವಳು. ಶುರುವಿಗೆ ವೈನಿ ಹೇಳಬೇಕಾದದ್ದು ಒಂದೇ ಸಾಲು: "ನಮಸ್ಕಾರ್ರೀ, ನಾ ಚನ್ನಬಸವ್ವ, ಈರಬಸಪ್ಪ ಖಡಕ್ ರೊಟ್ಟಿಯಿಂದ."

"ನಮಸ್ಕಾರ್ರೀ, ನಾ ಚನ್ನಬಸವ್ವ..." ಎಂದು ವೈನಿ ನಿಂತಳು. ಮತ್ತೆ ಮಾಡಿದರು, ಮತ್ತೆ ಅಲ್ಲಿಗೇ ನಿಂತಳು. ಮರೆತಿರಬೇಕು ಎಂದುಕೊಂಡು ಕ್ಯಾಮೆರಾದವನು ಆ ಹೆಸರನ್ನು ದೊಡ್ಡ ಮರಾಠಿ ಅಕ್ಷರದಲ್ಲಿ ಬರೆದು ಹಿಡಿದ. ಏಳು ಸಲ ಆಯಿತು. ಇದು ಯಾರಿಗೂ ಮೊದಲೇ ಹೊಳೆದಿರಲಿಲ್ಲ ನೋಡಿ, ಮನೆಯವಳೇ ಆದ ನನಗೂ!

"ಅವ್ವಾ, ಅದು ಅಪ್ಪನ ಹೆಸರಲ್ಲ, ಬ್ರ್ಯಾಂಡಿನ ಹೆಸರು. ಒಂದ್ ಸಲ ಹೇಳು ಸಾಕು."

"ಬ್ರ್ಯಾಂಡ್ ಆದ್ರ ಅವರು ಬ್ಯಾರೆ ಆಗ್ತಾರೇನ?" ಎಂದಳು ವೈನಿ. ಎದ್ದು ಸೆರಗು ಸರಿಮಾಡಿಕೊಂಡಳು. "ಆ ಹುಡುಗಿನ್ನ ಕರಿ. ಚೆಂದ ಮಾತಾಡ್ತಾಳ. ನನಗ ಮನಿಯೊಳಗ ಕೆಲಸ ಅದ."

ಹೊಸ ಇಳಕಲ್ ಸೀರೆ ಸರಸರ ಎನ್ನುತ್ತ ಬಾಗಿಲ ಕಡೆ ಹೊರಟಿತು. ನನಗೆ ಎಲ್ಲಿತ್ತೋ ಸಿಟ್ಟು! ಅಣ್ಣನ ಮೇಲೆ, ಆ ಖಾಲಿ ಖಾನೆಯ ಮೇಲೆ, ಆ ದೀಪಗಳ ಮೇಲೆ. ಓಡಿಹೋಗಿ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತೆ. ನಿಂತ ಮೇಲೆಯೇ ನನಗೆ ನೆನಪಾದದ್ದು. ಮೂವತ್ತೆರಡು ವರ್ಷದ ಹಿಂದೆ ಮದುವಣಗಿತ್ತಿಯಾಗಿ ಆಕೆ ನಮ್ಮ ಹೊಸ್ತಿಲಿಗೆ ಬಂದಾಗಲೂ ಹೀಗೇ ಅಡ್ಡ ನಿಂತವಳು ನಾನು. ಗಂಡನ ತಂಗಿಯ ಹಕ್ಕು ಅದು. ಪ್ರಾಸವಿಟ್ಟು ಒಡಪು ಕಟ್ಟಿ, ಅದರೊಳಗೆ ಗಂಡನ ಹೆಸರು ಹೇಳದ ಹೊರತು ಸೊಸೆಯನ್ನು ಒಳಗೆ ಬಿಡುವುದಿಲ್ಲ. ಬರಿಮಾತಿನಲ್ಲಿ ಹೇಳಬಾರದ ಹೆಸರನ್ನು ಒಡಪಿನಲ್ಲಿ ಹೇಳಬಹುದು, ದೋಷವಿಲ್ಲ.

"ಹೆಸರ ಹೇಳಿ ದಾಟ್ರಿ ವೈನಿ," ಎಂದೆ.

"ಅನುಸೂಯಾ, ಬಿಡವಾ, ಇದೇನ ಹುಡುಗಾಟ."

"ಒಡಪ ಹಾಕ್ರಿ, ಬಿಡತೀನಿ. ಇಲ್ಲಂದ್ರ ಇಲ್ಲೇ ನಿಲ್ರಿ."

ಮಂಜರಿ ಕುರ್ಚಿಯಿಂದ ಹಾರಿ ಎದ್ದಳು. "ಅಗಬಾಯಿ! ಉಖಾಣಾ! ವಹಿನಿ, ಘ್ಯಾ ನಾವ್, ಘ್ಯಾ!" ಎಂದು ಹೆಸರು ಹೇಳಲು ಒತ್ತಾಯಿಸುತ್ತ ಚಪ್ಪಾಳೆ ತಟ್ಟತೊಡಗಿದಳು. ಅವರಲ್ಲಿಯೂ ಇದೇ ಪದ್ಧತಿ, ಒಡಪಿಗೆ ಉಖಾಣಾ ಎನ್ನುತ್ತಾರೆ, ಅಷ್ಟೇ. ಐವತ್ತೆರಡರ ವೈನಿ ನಾಚಿ ಕೆಂಪಾದಳು. ಮುಖ ಮುಚ್ಚಿಕೊಂಡಳು. ಆಮೇಲೆ ಸೊಂಟಕ್ಕೆ ಕೈ ಇಟ್ಟು, ತಲೆ ಎತ್ತಿ, ಒಂದೂ ತಡವರಿಕೆಯಿಲ್ಲದೆ ಹಾಕಿದಳು:

"ಹಾರಿದ ಹಿಟ್ಟು ಹಣಿಗಿ ಹತ್ತಿದರ ಅದ ನನಗ ವಿಭೂತಿ,
ಬಡದ ರೊಟ್ಟಿ ಗುಂಡಗ ಬಂದರ ಅದ ನನಗ ಪ್ರೀತಿ,
ಇಪ್ಪತ್ತ ವರ್ಷ ಪಾಕೀಟಿನ ಮ್ಯಾಲ ಹೆಸರ ಇವರದು,
ಈರಬಸಪ್ಪನವರ ಹೆಸರ ಹೇಳತೀನಿ, ರೊಟ್ಟಿ ಮಾತ್ರ ನಂದು!"

ಸ್ಟುಡಿಯೋ ತುಂಬ ಕೇಕೆ. ಕ್ಯಾಮೆರಾದವನಿಗೆ ಕನ್ನಡ ಬಾರದು, ಆದರೆ ಪುಣ್ಯಾತ್ಮ ಕ್ಯಾಮೆರಾ ನಿಲ್ಲಿಸಿರಲಿಲ್ಲ. ಶಿವಾನಿ ಅಳುತ್ತ ನಗುತ್ತ ತಾಯಿಯನ್ನು ತಬ್ಬಿಕೊಂಡು, "ನಮೂನಿ ಸಿಕ್ಕಿತು ಅತ್ತಿ, ಇದ ನಮ್ಮ ನಮೂನಿ!" ಎಂದು ಕೂಗಿದಳು. ನಿರೂಪಕಿ ಹುಡುಗಿ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ನಗುತ್ತ ಮನೆಗೆ ಹೋದಳು.

ಈಗ ನಮಗೆ ಸ್ಟುಡಿಯೋ ಬೇಡ, ಕುರ್ಚಿಯೂ ಬೇಡ. ಧನಕವಡಿಯ ನಮ್ಮ ರೊಟ್ಟಿ ಮನೆಯ ಬಾಗಿಲೇ ಸಾಕು. ಕಾರ್ಯಕ್ರಮದ ಹೆಸರು 'ಹೆಸರು ಹೇಳಿ ಒಳಗ ಬರ್ರಿ'. ಬರುವ ಹೆಂಗಸು ಕನ್ನಡದವಳಿರಲಿ, ಮರಾಠಿಯವಳಿರಲಿ, ಹೊಸ್ತಿಲಲ್ಲಿ ಒಡಪು ಹಾಕಬೇಕು. ಆಮೇಲೆ ಒಲೆಯ ಪಕ್ಕ ಕೂತು ಬಿಸಿ ರೊಟ್ಟಿ, ಮಾತು. ವೈನಿ ರೊಟ್ಟಿ ಬಡಿಯುತ್ತಲೇ ಕೇಳುತ್ತಾಳೆ, ಹೇಳುತ್ತಾಳೆ, ನಗಿಸುತ್ತಾಳೆ. ಬಾಗಿಲಿಗೆ ಅಡ್ಡ ನಿಲ್ಲುವ ಕೈ ಮಾತ್ರ ಪ್ರತಿ ಸಲವೂ ನನ್ನದೇ. ಪಾಡ್‌ಕಾಸ್ಟ್ ಎಂದರೆ ಈಗಲೂ ನನಗೆ ಮೈ ಉರಿಯುತ್ತದೆ, ಆದರೆ ಆ ಕೆಲಸ ಬೇರೆಯವರಿಗೆ ಬಿಟ್ಟುಕೊಡಲಾರೆ.

ಹೋದ ತಿಂಗಳು ಅಣ್ಣ ತಾನೂ ಅತಿಥಿಯಾಗಿ ಬರುತ್ತೇನೆಂದ. ಒಡಪು ಹಾಕದೆ ಒಳಗಿಲ್ಲ ಎಂದೆ. ಮೂರು ದಿನ ಕೂತು ಚೀಟಿಯಲ್ಲಿ ಬರೆದುಕೊಂಡು ಬಂದ, ಕನ್ನಡಕ ಮರೆತು ಬಂದ. ಹೊಸ್ತಿಲಲ್ಲಿ ಚೀಟಿಯನ್ನು ಹತ್ತಿರ ಹಿಡಿದ, ದೂರ ಹಿಡಿದ, ಕೊನೆಗೆ ಕಿಸೆಗೆ ಹಾಕಿಕೊಂಡ.

"ಲೈಸೆನ್ಸಿನ ಕಾಗದದಾಗ ನನ್ನ ಹೆಸರ ಬರದೆ," ಎಂದ. "ಆವತ್ತ ಕೇಳಬೇಕಿತ್ತು, ಕೇಳಲಿಲ್ಲ. ಈ ರೊಟ್ಟಿ ಚನ್ನಬಸವ್ವಂದು."

ಪ್ರಾಸ ಇಲ್ಲ, ಏನಿಲ್ಲ. ಆದರೂ ನಾನು ಕೈ ತೆಗೆದೆ. ಮೂವತ್ತೆರಡು ವರ್ಷ ಹೆಂಡತಿಯನ್ನು 'ಏನ, ಕೇಳಿಲ್ಲೆ', 'ಶಿವಾನಿ ಅವ್ವ' ಎಂದಷ್ಟೇ ಕರೆದವನು, ಮೊದಲ ಸಲ ಆಕೆಯ ಹೆಸರು ಹೇಳಿದ್ದ. ವೈನಿ ತಿರುಗಿ ನೋಡಲಿಲ್ಲ. ಹಂಚಿನ ಮೇಲಿನ ರೊಟ್ಟಿ ಹೊತ್ತಿ ವಾಸನೆ ಬಂತು. ಒಂದು ರೊಟ್ಟಿಯನ್ನೂ ಹೊತ್ತಿಸಿದವಳಲ್ಲ ಆಕೆ, ಅವತ್ತು ಕೈ ಚಾಚಲಿಲ್ಲ.

"ಕೇಳಿಸಲಿಲ್ರೀ," ಎಂದಳು, ಒಲೆಯ ಕಡೆಗೇ ಮುಖ ಮಾಡಿ. "ಇನ್ನೊಮ್ಮೆ ಹೇಳ್ರಿ."

ಚೆನ್ನಾಗಿ ಕೇಳಿಸಿತ್ತು. ಅಣ್ಣ ಇನ್ನೊಮ್ಮೆ ಹೇಳಿದ.