ಅಕ್ಕಿ ಹೆಚ್ಚಿದೆ

"ನಿಮಗೆ ಸಕ್ಕರೆ ಹೆಚ್ಚಿದೆ" ಎಂದು ಮೊನ್ನೆ ಡಾಕ್ಟರು ಹೇಳಿದಾಗ ನಾನು ನಕ್ಕುಬಿಟ್ಟೆ. ಪಾಪ, ಅವರು ಗಾಬರಿಯಾದರು. ನನ್ನ ಕಿವಿಗೆ ಬಿದ್ದದ್ದು ಮೇಗುಂದದ ಚಿಕ್ಕಮ್ಮನ ದನಿ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ನಿಮ್ಮ ಮನೆಯಲ್ಲೂ ಇಂಥವರು ಇದ್ದಿರಬಹುದು. ಆ ಮಾತು ಅಶುಭವೆಂದು, ಏನು ಮುಗಿದರೂ ಚಿಕ್ಕಮ್ಮ "ಇಲ್ಲ" ಎನ್ನುತ್ತಿರಲಿಲ್ಲ. ಉಪ್ಪು ಮುಗಿದರೆ ಉಪ್ಪು ಹೆಚ್ಚಿದೆ, ಬಳೆ ಒಡೆದರೆ ಬಳೆ ಹೆಚ್ಚಿತು. ಚಿಕ್ಕಪ್ಪನದು ಇದರ ತದ್ವಿರುದ್ಧ. ಕೇಡು ಹೇಳದೆ ಬರುತ್ತದೆ, ನಾವೇ ಮೊದಲು ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು ಎಂದು, ಬೆಳಗಿನ ಕಾಫಿಯ ಜೊತೆಗೇ ಹುಲಿ ದನ ಹಿಡಿದದ್ದು, ಮಾಡು ಕುಸಿದದ್ದು, ತನಗೆ ಹಾವು ಕಚ್ಚಿದ್ದು ಎಲ್ಲವನ್ನೂ ಕಲ್ಪಿಸಿಕೊಂಡು ಅಭ್ಯಾಸ ಮಾಡುತ್ತಿದ್ದರು. ಶೃಂಗೇರಿಗೆ ಹೋಗಿ ಏನೂ ಆಗದೆ ಮರಳಿದ ದಿನ ಅವರ ಮುಖ ಸಣ್ಣದಾಗಿರುತ್ತಿತ್ತು.

ಯುದ್ಧದ ಕಾಲ, ಅಕ್ಕಿಗೆ ಕಂಟ್ರೋಲು. ಯಾರು ಎಷ್ಟು ಬಚ್ಚಿಟ್ಟಿದ್ದಾರೆಂದು ನೋಡಲು ಕೊಪ್ಪದಿಂದ ಹೊಸ ಗುಮಾಸ್ತನೊಬ್ಬ ದೀಪ ಹಚ್ಚುವ ಹೊತ್ತಿಗೆ ಬಂದ. ಮದುವೆಯಾಗದವನು, ಹೋಟೆಲಿನಲ್ಲೇ ಉಂಡು ಬೆಳೆದವನು. ಅಡಿಗೆಮನೆಯ ಭಾಷೆ ತಿಳಿಯದು. ಅಕ್ಕಿ ಎಷ್ಟಿದೆ ಎಂದು ಕೇಳಿದ. ಒಳಗಿನಿಂದ ಚಿಕ್ಕಮ್ಮ, "ಅಕ್ಕಿ ಹೆಚ್ಚಿದೆ" ಅಂದರು.

ಅವನ ಕಣ್ಣು ಅರಳಿತು. ಹೆಚ್ಚಿದ್ದನ್ನೆಲ್ಲ ನಾಳೆ ಗಾಡಿ ತಂದು ಒಯ್ಯುವುದಾಗಿಯೂ, ಅಡಗಿಸಿದರೆ ಜೈಲೆಂದೂ ಹೇಳಿದ. ಚಿಕ್ಕಪ್ಪ ಇಲ್ಲ, ಇಲ್ಲ ಎಂದು ಬಡಬಡಿಸಿದಷ್ಟೂ ಅವನ ಅನುಮಾನ ಬಲಿಯಿತು. ಹುಲಿ, ಹಾವುಗಳಿಗೆಲ್ಲ ತಯಾರಾಗಿದ್ದ ಚಿಕ್ಕಪ್ಪ ಹೆಂಡತಿಯ ಒಳ್ಳೆಯ ಮಾತಿಗೆ ತಯಾರಾಗಿರಲಿಲ್ಲ. ಒಳಗಿನತ್ತ ತಿರುಗಿ ಗೋಗರೆದರು: "ಇಲ್ಲ ಅಂತ ಒಂದು ಮಾತು ಹೇಳು ಮಾರಾಯ್ತಿ."

"ದೀಪ ಹಚ್ಚಿದ ಹೊತ್ತಲ್ಲಿ ಆ ಮಾತು ನನ್ನ ಬಾಯಲ್ಲಿ ಬರೂದಿಲ್ಲ" ಎಂದ ಚಿಕ್ಕಮ್ಮ, ಗುಮಾಸ್ತನನ್ನು ಒಳಗೆ ಕರೆದು ಕಣಜದ ಬಾಗಿಲು ತೆರೆದು ತೋರಿಸಿದರು. ಅಕ್ಕಿಯ ಮಡಕೆಯನ್ನೂ ಅವನೆದುರೇ ಬೋರಲು ಹಾಕಿದರು. ಒಂದು ಕಾಳೂ ಬೀಳಲಿಲ್ಲ.

"ಇಷ್ಟು ಹೆಚ್ಚಿದೆ. ಒಂದು ಗಾಡಿ ಸಾಕಾಗ್ತದಾ?"

ರಾತ್ರಿಯ ಊಟಕ್ಕೆಂದು ಬೇಯಿಸಿದ್ದ ಗೆಣಸನ್ನೇ ಅವನಿಗೂ ಕೊಟ್ಟರು. ಅವನು ತಿಂದು, ತಲೆ ತಗ್ಗಿಸಿ ಹೊರಟ. ಮರುದಿನದಿಂದ ಚಿಕ್ಕಪ್ಪನ ಅಭ್ಯಾಸಕ್ಕೆ ಹುಲಿ, ಹಾವುಗಳ ಜೊತೆ ಚಿಕ್ಕಮ್ಮನೂ ಸೇರಿದರು.

ನಾನೂ ಚಿಕ್ಕಪ್ಪನ ಪೈಕಿಯೇ. ಡಾಕ್ಟರಲ್ಲಿಗೆ ಹೋಗುವ ಮೊದಲು ಹೃದಯ, ಮೂತ್ರಪಿಂಡ ಎಲ್ಲವೂ ಕೆಟ್ಟವೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಕಾಫಿಯ ಸಿಹಿ ಹೋಗಬಹುದೆಂದು ಮಾತ್ರ ಹೊಳೆದಿರಲಿಲ್ಲ. ಅದಕ್ಕೇ ತುಂಬ ಬೇಸರವಾಯಿತು. ಮನೆಗೆ ಬಂದಾಗ ಡಾಕ್ಟರು ಏನಂದರೆಂದು ಹೆಂಡತಿ ಕೇಳಿದಳು.

"ಸಕ್ಕರೆ ಹೆಚ್ಚಿದೆಯಂತೆ" ಎಂದೆ.

ಅವಳು ನರಸಿಂಹರಾಜಪುರದ ಕಡೆಯವಳು, ಎರಡೂ ಅರ್ಥ ಬಲ್ಲವಳು. ಸಕ್ಕರೆ ಡಬ್ಬಿ ಎತ್ತಿಕೊಂಡು ಪಕ್ಕದ ಮನೆಗೆ ಕೊಟ್ಟು ಬಂದಳು.

"ಈಗ ಸರಿಯಾಗಿ ಹೆಚ್ಚಿತು ನೋಡಿ" ಅಂದಳು.